ಪಿಸ್ತೂಲು ಒಪ್ಪಿಸಿದವನೂ ಸತ್ತ: ಟೂಮ್‌ಸ್ಟೋನ್‌ನ 9ನೇ ನಂಬರ್ ಬೈಲಾ

1881ರ ಅಕ್ಟೋಬರ್ 26, ಬುಧವಾರ. ಅಮೆರಿಕದ ಅರಿಜೋನಾ ಪ್ರಾಂತ್ಯದ ಟೂಮ್‌ಸ್ಟೋನ್ ಪೇಟೆ. ಮಧ್ಯಾಹ್ನ ಒಂದರಿಂದ ಎರಡರ ನಡುವೆ ಟಾಮ್ ಮೆಕ್ಲಾರಿ ಅನ್ನುವವನು ಕ್ಯಾಪಿಟಲ್ ಸಲೂನಿಗೆ ಬಂದ. ಸಲೂನ್ ಅಂದರೆ ನಮ್ಮ ಕಟಿಂಗ್ ಶಾಪ್ ಅಲ್ಲ, ಅಲ್ಲಿ ಅದು ಹೆಂಡದಂಗಡಿ. ಟಾಮ್‌ನ ತಲೆಗೆ ಆಗಷ್ಟೇ ಪೆಟ್ಟು ಬಿದ್ದಿತ್ತು. ತನ್ನ ಪಿಸ್ತೂಲನ್ನು ಅಂಗಡಿಯವನ ಕೈಗೆ ಕೊಟ್ಟು ಹೊರಗೆ ಹೋದ. ಊರಿನ ಕಾನೂನು ಹೇಳುತ್ತಿದ್ದುದೂ ಅದನ್ನೇ: ಪೇಟೆಯೊಳಗೆ ಇರುವಷ್ಟು ಹೊತ್ತು ಆಯುಧ ಮೈಮೇಲೆ ಇರಬಾರದು, ಎಲ್ಲಾದರೂ ಒಪ್ಪಿಸಿರಬೇಕು.

ಮೂರು ಗಂಟೆಯ ಹೊತ್ತಿಗೆ ಟಾಮ್ ಸತ್ತಿದ್ದ. ಅವನನ್ನು ಕೊಂದವರು ಅದೇ ಕಾನೂನನ್ನು ಜಾರಿ ಮಾಡಲು ಹೊರಟವರು.

ಓ.ಕೆ. ಕೊರಾಲ್ ಕಾಳಗ ಅಂತ ಜಗತ್ತಿಗೆಲ್ಲ ಗೊತ್ತಿರುವುದು ಇದೇ ಘಟನೆ. ಸಿನಿಮಾಗಳಲ್ಲಿ ಇದರ ಹೀರೋಗಳು ವಾಯಟ್ ಅರ್ಪ್ ಮತ್ತು ಅವನ ಗೆಳೆಯ ಡಾಕ್ ಹಾಲಿಡೇ. ಹೊಗೆ, ಧೂಳು, ಹೀರೋಗಿರಿ. ಆದರೆ ಕಾಗದಪತ್ರ ಹಿಡಿದು ನೋಡಿದರೆ ಇದು ಮೊದಲಿಗೆ ಒಂದು ನಗರಸಭೆ ಬೈಲಾದ ಪ್ರಕರಣ. 25 ಡಾಲರ್ ದಂಡದಲ್ಲಿ ಮುಗಿಯಬೇಕಿದ್ದ ಕೇಸು ಮೂರು ಹೆಣದಲ್ಲಿ ಮುಗಿಯಿತು. ಅದು ಹೇಗಾಯಿತು ಅನ್ನುವುದೇ ಇಲ್ಲಿನ ವಿಷಯ.

ಊರು ಮತ್ತು ಅದರ ಇಬ್ಬರು ಪೊಲೀಸರು

1877ರಲ್ಲಿ ಎಡ್ ಶೀಫೆಲಿನ್ ಎಂಬವನು ಅದಿರು ಹುಡುಕಲು ಆ ಗುಡ್ಡಗಳಿಗೆ ಹೊರಟ. ಅದು ಅಪಾಚೆ ಬುಡಕಟ್ಟಿನವರ ಸೀಮೆ. ‘ಅಲ್ಲಿ ನಿನಗೆ ಸಿಗೋದು ನಿನ್ನ ಗೋರಿಕಲ್ಲು ಮಾತ್ರ’ ಅಂತ ಪರಿಚಯದವರು ಹೆದರಿಸಿದರು. ಸಿಕ್ಕಿದ್ದು ಬೆಳ್ಳಿ. ಹಟಕ್ಕೆ ಬಿದ್ದವನಂತೆ ಗಣಿಗೆ ಗೋರಿಕಲ್ಲು ಅಂತಲೇ ಹೆಸರಿಟ್ಟ. ಟೂಮ್‌ಸ್ಟೋನ್ ಅಂದರೆ ಅದೇ. 1879ರಲ್ಲಿ ಊರು ಎದ್ದಿತು. ಎರಡೇ ವರ್ಷದಲ್ಲಿ ಸಾವಿರಾರು ಜನ ಬಂದು ಸೇರಿದರು. ಗಣಿ ಕೂಲಿ ದಿನಕ್ಕೆ 4 ಡಾಲರ್. ದುಡ್ಡಿದ್ದ ಕಡೆ ಜೂಜು, ಹೆಂಡ, ಜಗಳ ಎಲ್ಲ ಇದ್ದವು.

ದಕ್ಷಿಣಕ್ಕೆ ಸುಮಾರು 30 ಮೈಲಿ ಹೋದರೆ ಮೆಕ್ಸಿಕೋ ಗಡಿ. ಗಡಿ ಆಚೆಯಿಂದ ದನ ಕದ್ದು ತಂದು ಈಚೆ ಮಾರುವುದು ದೊಡ್ಡ ದಂಧೆ. ನಾವು ಇವತ್ತು ಕೌಬಾಯ್ ಅಂದರೆ ಟೋಪಿ ಹಾಕಿಕೊಂಡ ಶೂರ ಅಂದುಕೊಳ್ಳುತ್ತೇವೆ. ಆ ಕಾಲದ ಟೂಮ್‌ಸ್ಟೋನ್‌ನಲ್ಲಿ ಆ ಮಾತು ಬೈಗುಳಕ್ಕೆ ಹತ್ತಿರ, ದನಗಳ್ಳ ಅನ್ನುವ ಅರ್ಥ. ನ್ಯಾಯವಾಗಿ ದನ ಸಾಕುವವರು ತಮ್ಮನ್ನು ಹಾಗೆ ಕರೆದರೆ ಸಿಟ್ಟಾಗುತ್ತಿದ್ದರು. ಕ್ಲಾಂಟನ್ ಮತ್ತು ಮೆಕ್ಲಾರಿ ಮನೆತನದವರಿಗೆ ದನದ ಹಟ್ಟಿಗಳಿದ್ದವು. ಕದ್ದ ದನ ಅವರ ಕೈ ದಾಟಿ ಹೋಗುತ್ತದೆ ಅನ್ನುವ ಮಾತೂ ಇತ್ತು.

1881ರ ಫೆಬ್ರವರಿಯಲ್ಲಿ ಕೊಚೀಸ್ ಅನ್ನುವ ಹೊಸ ಕೌಂಟಿ (ನಮ್ಮ ಜಿಲ್ಲೆಯ ಥರ) ಆಯಿತು. ಅದಕ್ಕೆ ಶೆರಿಫ್ ಜಾನ್ ಬೀಹನ್. ಶೆರಿಫ್ ಅಂದರೆ ಬರೀ ಪೊಲೀಸ್ ಅಲ್ಲ, ತೆರಿಗೆ ವಸೂಲಿಯೂ ಅವನದೇ, ವಸೂಲಿಯಲ್ಲಿ ಅವನಿಗೊಂದು ಪಾಲು. ಒಳ್ಳೆ ಆದಾಯದ ಹುದ್ದೆ. ಅದರ ಮೇಲೆ ವಾಯಟ್ ಅರ್ಪ್‌ನಿಗೂ ಕಣ್ಣಿತ್ತು. ಇತ್ತ ಪೇಟೆಯೊಳಗಿನ ಪೊಲೀಸ್ ಮುಖ್ಯಸ್ಥ ವಾಯಟ್‌ನ ಅಣ್ಣ ವರ್ಜಿಲ್ ಅರ್ಪ್. 1881ರ ಜೂನ್‌ನಲ್ಲಿ ಆ ಕೆಲಸಕ್ಕೆ ಬಂದ. ಅಂದರೆ ಒಂದೇ ಬೀದಿಗೆ ಇಬ್ಬರು ಪೊಲೀಸರು. ಒಬ್ಬ ನಗರಸಭೆಯವನು, ಒಬ್ಬ ಕೌಂಟಿಯವನು. ಒಬ್ಬರಿಗೊಬ್ಬರು ಆಗಿಬರುವುದಿಲ್ಲ. ಬೀಹನ್‌ಗೆ ದನದ ಹಟ್ಟಿಯವರ ಜೊತೆ ಒಡನಾಟ, ಅರ್ಪ್ ಸಹೋದರರಿಗೆ ಪೇಟೆ ವ್ಯಾಪಾರಿಗಳ ಬೆಂಬಲ. ಮೇಯರ್ ಜಾನ್ ಕ್ಲಮ್ ಪತ್ರಿಕೆಯನ್ನೂ ನಡೆಸುತ್ತಿದ್ದ. ಪತ್ರಿಕೆಯ ಹೆಸರು ‘ಎಪಿಟಾಫ್’, ಗೋರಿಯ ಮೇಲಿನ ಬರಹ. ಊರಿಗೆ ತಕ್ಕ ಪತ್ರಿಕೆ.

ಬೈಲಾದಲ್ಲಿ ಏನಿತ್ತು

ಬೈಲಾ ಸುಮ್ನೆ ಬರಲಿಲ್ಲ. ಅದಕ್ಕೆ ಆರು ತಿಂಗಳು ಮೊದಲು, 1880ರ ಅಕ್ಟೋಬರ್ ಕೊನೆಯಲ್ಲಿ, ಒಂದಷ್ಟು ಜನ ರಾತ್ರಿ ಕುಡಿದು ಆಕಾಶಕ್ಕೆ ಗುಂಡು ಹಾರಿಸುತ್ತಿದ್ದರು. ಆಗಿನ ಟೌನ್ ಮಾರ್ಷಲ್, ಅಂದರೆ ಪೇಟೆಯ ಪೊಲೀಸ್ ಮುಖ್ಯಸ್ಥ, ಫ್ರೆಡ್ ವೈಟ್ ಹೋಗಿ, ಕರ್ಲಿ ಬಿಲ್ ಬ್ರೋಷಿಯಸ್ ಎಂಬವನ ಪಿಸ್ತೂಲು ಕಿತ್ತುಕೊಳ್ಳಲು ನಳಿಗೆಗೆ ಕೈ ಹಾಕಿದ. ಗುಂಡು ಹಾರಿತು. ಎರಡು ದಿನ ಬಿಟ್ಟು ವೈಟ್ ತೀರಿಕೊಂಡ. ಸಾಯುವ ಮೊದಲು ‘ಇದು ಬೇಕಂತ ಮಾಡಿದ್ದಲ್ಲ’ ಅಂತ ಅವನೇ ಹೇಳಿಕೆ ಕೊಟ್ಟಿದ್ದರಿಂದ ಬ್ರೋಷಿಯಸ್ ಬಿಡುಗಡೆಯಾದ. ಈ ಸಂಗತಿಯನ್ನು ನೆನಪಿನಲ್ಲಿಡಿ. ಒಬ್ಬನ ಕೈಯಿಂದ ಆಯುಧ ತೆಗೆದುಕೊಳ್ಳುವ ಆ ಒಂದು ಗಳಿಗೆಯೇ ಇಡೀ ಕೆಲಸದಲ್ಲಿ ಅಪಾಯದ ಜಾಗ. ಟೂಮ್‌ಸ್ಟೋನ್ ಅದನ್ನು ಕಣ್ಣಾರೆ ಕಂಡಿತ್ತು.

1881ರ ಏಪ್ರಿಲ್ 19ರಂದು ನಗರಸಭೆ 9ನೇ ನಂಬರ್ ಬೈಲಾ ಪಾಸು ಮಾಡಿತು. ಮೂರು ಚಿಕ್ಕ ಕಲಮುಗಳಲ್ಲಿ ಅದರ ತಿರುಳೆಲ್ಲ ಇದೆ. ಮೊದಲನೆಯದು: ಬರಹದ ಪರವಾನಗಿ ಇಲ್ಲದೆ ಪೇಟೆಯ ಎಲ್ಲೆಯೊಳಗೆ ಕೈಯಲ್ಲಾಗಲಿ, ಮೈಮೇಲಾಗಲಿ, ಬೇರೆ ಹೇಗೇ ಆಗಲಿ ಮಾರಕಾಯುಧ ಒಯ್ಯುವಂತಿಲ್ಲ. ಮೂರನೆಯದು: ಎಲ್ಲ ಥರದ ಬಂದೂಕು, ಪಿಸ್ತೂಲು, ಬೋವಿ ಅನ್ನುವ ದೊಡ್ಡ ಚಾಕು, ಕಠಾರಿ ಇದರೊಳಗೆ ಸೇರಿದವು. ಬಚ್ಚಿಟ್ಟುಕೊಂಡು ಒಯ್ದರೆ ತಪ್ಪು, ಕಾಣುವಂತೆ ಒಯ್ದರೆ ಸರಿ ಅನ್ನುವ ಹಳೆಯ ವ್ಯತ್ಯಾಸ ಇದರಲ್ಲಿ ಇಲ್ಲ. ಕೆಂಟಕಿ ಮತ್ತು ಲೂಸಿಯಾನಾ 1813ರಲ್ಲೇ ಮಾಡಿದ ಕಾನೂನುಗಳು ಬಚ್ಚಿಟ್ಟ ಆಯುಧವನ್ನು ಹಿಡಿದವು. ಪಶ್ಚಿಮದ ಪೇಟೆಗಳು ಒಂದು ಹೆಜ್ಜೆ ಮುಂದೆ ಹೋಗಿ ಎರಡನ್ನೂ ನಿಲ್ಲಿಸಿದವು.

ನನ್ನ ಕಣ್ಣು ನಿಲ್ಲುವುದು ಎರಡನೇ ಕಲಮಿನ ಮೇಲೆ. ಈಗ ತಾನೇ ಊರಿಗೆ ಬರುತ್ತಿರುವವರಿಗೆ, ಊರು ಬಿಟ್ಟು ಹೊರಟವರಿಗೆ ನಿಷೇಧ ಅನ್ವಯಿಸುವುದಿಲ್ಲ. ಆದರೆ ಅವರು ಪ್ರಾಮಾಣಿಕವಾಗಿ, ಸೂಕ್ತ ಸಮಯದೊಳಗೆ, ಆಯುಧವನ್ನು ಒಪ್ಪಿಸಲು ಅಥವಾ ಒಪ್ಪಿಸಿದ ಜಾಗದಿಂದ ವಾಪಸ್ ಪಡೆಯಲು ಹೋಗುತ್ತಿರಬೇಕು. ನಮ್ಮಲ್ಲಿ ಚುನಾವಣೆ ಬಂದಾಗ ಲೈಸೆನ್ಸ್ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುತ್ತಾರಲ್ಲ, ಆ ಥರ. ಅಲ್ಲಿ ಮಾತ್ರ ವರ್ಷವಿಡೀ, ಊರಿಗೆ ಬಂದಾಗಲೆಲ್ಲ. ಕುದುರೆ ಲಾಯ, ಹೋಟೆಲು, ಹೆಂಡದಂಗಡಿ, ಯಾವುದಾದರೂ ಆಗುತ್ತಿತ್ತು.

ವಿವೇಕದ ಕಲಮು. ಹಟ್ಟಿಯಿಂದ ಇಪ್ಪತ್ತು ಮೈಲಿ ಕುದುರೆ ಮೇಲೆ ಬರುವವನು ಬರಿಗೈಯಲ್ಲಿ ಬಾ ಅಂದರೆ ಬರುತ್ತಾನಾ? ಆದರೆ ‘ಸೂಕ್ತ ಸಮಯ’ ಅಂದರೆ ಎಷ್ಟು? ಸರ್ಕಾರಿ ಕಾಗದದಲ್ಲಿ ‘ಸೂಕ್ತ’ ಅನ್ನುವ ಪದ ಕಂಡರೆ ಅಲ್ಲೊಂದು ಜಗಳ ಕಾದು ಕೂತಿದೆ ಅಂತಲೇ ಲೆಕ್ಕ.

ಬೆಳಗ್ಗೆ: ಕಾನೂನು ಕೆಲಸ ಮಾಡಿದ್ದು

ಹಿಂದಿನ ದಿನ ಐಕ್ ಕ್ಲಾಂಟನ್ ಮತ್ತು ಟಾಮ್ ಮೆಕ್ಲಾರಿ ಊರಿಗೆ ಬಂದರು. ರಾತ್ರಿ ಐಕ್‌ಗೂ ಡಾಕ್ ಹಾಲಿಡೇಗೂ ಮಾತಿಗೆ ಮಾತು ಬೆಳೆಯಿತು. ಹಾಲಿಡೇ ಮೂಲತಃ ಹಲ್ಲಿನ ಡಾಕ್ಟರು, ಈಗ ಕ್ಷಯ ಹಿಡಿದ ಜೂಜುಕೋರ, ವಾಯಟ್‌ನ ಗೆಳೆಯ. ಆಮೇಲೆ ಬೆಳಗಿನವರೆಗೆ ಪೋಕರ್ ಆಟ. ಆಟಕ್ಕೆ ಕೂತವರು ಯಾರು ಗೊತ್ತೇ? ಐಕ್, ಟಾಮ್, ಶೆರಿಫ್ ಬೀಹನ್ ಮತ್ತು ವರ್ಜಿಲ್ ಅರ್ಪ್. ಮಧ್ಯಾಹ್ನ ಎದುರುಬದುರು ನಿಲ್ಲುವವರು ರಾತ್ರಿ ಒಂದೇ ಮೇಜಿನಲ್ಲಿ ಎಲೆ ಹಾಕುತ್ತಿದ್ದರು.

ಬೆಳಗ್ಗೆ ಐಕ್ ಕುಡಿದು, ವಿಂಚೆಸ್ಟರ್ ರೈಫಲ್ಲು ಮತ್ತು ರಿವಾಲ್ವರ್ ಹಿಡಿದು, ಅರ್ಪ್‌ಗಳನ್ನೂ ಹಾಲಿಡೇಯನ್ನೂ ನೋಡಿಕೊಳ್ಳುತ್ತೇನೆ ಅಂತ ಬೀದಿಯಲ್ಲಿ ಕೂಗಾಡುತ್ತಿದ್ದ. ಬೈಲಾ ಉಲ್ಲಂಘನೆ ಸ್ಪಷ್ಟ. ವರ್ಜಿಲ್ ಮತ್ತು ತಮ್ಮ ಮಾರ್ಗನ್ ಹಿಂದಿನಿಂದ ಬಂದರು. ವರ್ಜಿಲ್ ರೈಫಲ್ಲಿಗೆ ಕೈ ಹಾಕಿ, ಪಿಸ್ತೂಲಿನಿಂದ ಐಕ್‌ನ ತಲೆಗೆ ಒಂದು ಕೊಟ್ಟ. ಎಳೆದು ಕೋರ್ಟಿಗೆ ಒಯ್ದರು. ಜಡ್ಜ್ ವಾಲೇಸ್ 25 ಡಾಲರ್ ದಂಡ ಹಾಕಿದರು. ಖರ್ಚು ಸೇರಿ 27 ಡಾಲರ್ 50 ಸೆಂಟ್. ಗಣಿ ಕೂಲಿಯವನ ಒಂದು ವಾರದ ಸಂಪಾದನೆ ಅಂತಿಟ್ಟುಕೊಳ್ಳಿ. ಐಕ್‌ನ ಆಯುಧಗಳನ್ನು ವರ್ಜಿಲ್ ಗ್ರ್ಯಾಂಡ್ ಹೋಟೆಲಿನಲ್ಲಿ ಇಟ್ಟು ಬಂದ, ಊರು ಬಿಡುವಾಗ ತಗೊಂಡು ಹೋಗಲಿ ಅಂತ.

ತಲೆಗೆ ಹೊಡೆದದ್ದನ್ನು ಬದಿಗಿಟ್ಟರೆ ಇದು ಬೈಲಾ ಹೇಗೆ ನಡೆಯಬೇಕೋ ಹಾಗೆ ನಡೆದದ್ದು. ಹಿಡಿದರು, ದಂಡ ಹಾಕಿದರು, ಆಯುಧ ಒಂದು ಕಡೆ ಸೇರಿತು, ಯಾರೂ ಸಾಯಲಿಲ್ಲ. ಕಾನ್ಸಾಸ್‌ನ ದನದ ಪೇಟೆಗಳಲ್ಲಿ ಈ ಥರದ ನಿಯಮ ವರ್ಷಗಟ್ಟಲೆ ನಡೆದಿತ್ತು. ಡಾಡ್ಜ್ ಸಿಟಿಯ ಮುಖ್ಯ ಬೀದಿಯಲ್ಲಿ ಬಂದೂಕು ಒಯ್ಯುವುದು ಕಡ್ಡಾಯವಾಗಿ ನಿಷೇಧ ಅನ್ನುವ ದೊಡ್ಡ ಬೋರ್ಡು ಇತ್ತು, ಅದರ ಫೋಟೊ ಈಗಲೂ ಸಿಗುತ್ತದೆ. ಇತಿಹಾಸಕಾರ ರಾಬರ್ಟ್ ಡೈಕ್‌ಸ್ಟ್ರಾ ಎಣಿಸಿದಂತೆ, ಅಂಥ ಐದು ಪೇಟೆಗಳಲ್ಲಿ 1870ರಿಂದ 1885ರವರೆಗೆ ಆದ ಕೊಲೆಗಳು ಒಟ್ಟು 45. ಜನಸಂಖ್ಯೆ ಚಿಕ್ಕದಾದ್ದರಿಂದ ಇದು ಕಡಿಮೆ ಅಂತ ನಾನು ಹೇಳುವುದಿಲ್ಲ. ಆದರೆ ದಿನಕ್ಕೊಂದು ಹೆಣ ಬೀಳುತ್ತಿತ್ತು ಅನ್ನುವ ಸಿನಿಮಾ ಲೆಕ್ಕಕ್ಕೂ ಇದಕ್ಕೂ ಸಂಬಂಧವಿಲ್ಲ.

ಮಧ್ಯಾಹ್ನ: ಅದೇ ಕಾನೂನು ಕೈತಪ್ಪಿದ್ದು

ಕೋರ್ಟಿನ ಹೊರಗೆ ವಾಯಟ್‌ಗೆ ಟಾಮ್ ಎದುರಾದ. ಏನೋ ಮಾತಾಯಿತು. ವಾಯಟ್ ಪಿಸ್ತೂಲಿನಿಂದ ಟಾಮ್‌ನ ತಲೆಗೆ ಹೊಡೆದು, ಅಲ್ಲೇ ಬಿಟ್ಟು ಹೋದ. ಟಾಮ್‌ನ ಬಳಿ ಪಿಸ್ತೂಲು ಕಾಣುತ್ತಿತ್ತು ಅಂತ ವಾಯಟ್ ಆಮೇಲೆ ಹೇಳಿದ. ಹಾಗಿದ್ದರೆ ಹಿಡಿದು ಒಳಗೆ ಒಯ್ಯಬೇಕಿತ್ತು, ಜಡ್ಜ್ ಅಲ್ಲೇ ಇದ್ದರಲ್ಲ. ಒಯ್ಯಲಿಲ್ಲ. ಬೆಳಗಿನ ಕೆಲಸಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲಿಂದಲೇ ಶುರು. ಅಲ್ಲಿ ದಂಡ ಇತ್ತು, ಇಲ್ಲಿ ಬರೀ ಏಟು. ಟಾಮ್ ಕ್ಯಾಪಿಟಲ್ ಸಲೂನಿಗೆ ಹೋಗಿ ಪಿಸ್ತೂಲು ಒಪ್ಪಿಸಿದ್ದು ಇದಾದ ಮೇಲೆ.

ಅಷ್ಟರಲ್ಲಿ ಟಾಮ್‌ನ ಅಣ್ಣ ಫ್ರಾಂಕ್ ಮೆಕ್ಲಾರಿ ಮತ್ತು ಐಕ್‌ನ ತಮ್ಮ, 19 ವರ್ಷದ ಬಿಲ್ಲಿ ಕ್ಲಾಂಟನ್ ಕುದುರೆ ಮೇಲೆ ಬಂದಿಳಿದರು. ಇಬ್ಬರ ಸೊಂಟದಲ್ಲೂ ರಿವಾಲ್ವರ್. ಬಂದಾಗಲೇ ಗೊತ್ತಾಯಿತು, ಅಣ್ಣತಮ್ಮಂದಿರ ತಲೆ ಒಡೆದಿದೆ ಅಂತ. ಬೈಲಾ ಪ್ರಕಾರ ಅವರು ಆಯುಧ ಒಪ್ಪಿಸಲು ‘ಸೂಕ್ತ ಸಮಯ’ ಇದೆ. ಆದರೆ ಅವರು ಹೋದದ್ದು ಬಂದೂಕಿನ ಅಂಗಡಿಗೆ. ಅಲ್ಲಿ ಫ್ರಾಂಕ್‌ನ ಕುದುರೆ ಕಾಲುದಾರಿ ಹತ್ತಿ ನಿಂತಿತ್ತು. ವಾಯಟ್ ಹೋಗಿ ಲಗಾಮು ಹಿಡಿದು ಕುದುರೆಯನ್ನು ಕೆಳಗಿಳಿಸಿದ. ಕಾಲುದಾರಿಯ ಮೇಲೆ ಕುದುರೆ ನಿಲ್ಲಿಸಬಾರದು ಅಂತಲೂ ಒಂದು ಬೈಲಾ ಇತ್ತು! ಹಗೆ ಇದ್ದ ಕಡೆ ಪ್ರತಿಯೊಂದು ಸಣ್ಣ ನಿಯಮವೂ ಕೆಣಕಲು ಒಂದು ನೆಪ.

ವರ್ಜಿಲ್ ಆ ಹೊತ್ತಿನವರೆಗೆ ಎರಡನೇ ಕಲಮನ್ನು ಮರೆತಿರಲಿಲ್ಲ. ಅವರು ಕುದುರೆ ಲಾಯದೊಳಗೆ ಇರುವಷ್ಟು ಹೊತ್ತು ತಾನು ಹೋಗುವುದಿಲ್ಲ, ಆಯುಧ ಹಿಡಿದು ಬೀದಿಗೆ ಬಂದರೆ ಮಾತ್ರ ಕಿತ್ತುಕೊಳ್ಳುತ್ತೇನೆ ಅಂದ. ಓ.ಕೆ. ಕೊರಾಲ್ ಅಂದರೆ ಆ ಲಾಯ. ಆ ಲಾಯವನ್ನು ದಾಟಿ ಅವರು ಹಿಂದಿನ ಓಣಿಯಿಂದ ಫ್ರೀಮಾಂಟ್ ಬೀದಿಯ ಕಡೆ ಬಂದರು. ಒಂದು ಫೋಟೊ ಸ್ಟುಡಿಯೊ ಪಕ್ಕದ ಖಾಲಿ ಸೈಟಿನಲ್ಲಿ ನಿಂತರು. ಹದಿನೈದು ಇಪ್ಪತ್ತು ಅಡಿ ಅಗಲದ ಜಾಗ. ಕಾಳಗ ನಡೆದದ್ದು ಅಲ್ಲಿ, ಲಾಯದಲ್ಲಿ ಅಲ್ಲ. ಹೆಸರು ಮಾತ್ರ ಲಾಯಕ್ಕೆ ಹೋಯಿತು. ತಾವು ಊರು ಬಿಡುತ್ತಿದ್ದೆವು ಅನ್ನುವುದು ಅವರ ಕಡೆಯ ವಾದ. ಆ ಮಾತು ನಿಜವಾದರೆ ಬೈಲಾ ಅವರ ಪರ. ಇಲ್ಲವಾದರೆ ವರ್ಜಿಲ್ ಪರ.

ಶೆರಿಫ್ ಬೀಹನ್ ಆಗ ಕ್ಷೌರ ಮಾಡಿಸಿಕೊಳ್ಳುತ್ತಿದ್ದ (ಇದು ನಮ್ಮ ಅರ್ಥದ ಸಲೂನು). ಸುದ್ದಿ ಕೇಳಿ ಎದ್ದು ಬಂದು, ನಾನು ಹೋಗಿ ಆಯುಧ ಇಳಿಸುತ್ತೇನೆ ಅಂದ. ಐಕ್‌ನ ಸೊಂಟ ತಡವಿದ, ಏನಿಲ್ಲ. ಟಾಮ್ ತಾನೇ ಕೋಟು ತೆರೆದು ತೋರಿಸಿದ, ಏನಿಲ್ಲ. ಫ್ರಾಂಕ್ ಮಾತ್ರ ಕೊಡಲು ಒಪ್ಪಲಿಲ್ಲ. ಮೊದಲು ಅರ್ಪ್‌ಗಳ ಆಯುಧ ಇಳಿಸಿ ಅನ್ನುವುದು ಅವನ ಷರತ್ತು. ನನಗೇನೋ ಇದು ಬರೀ ಹಟ ಅನಿಸುವುದಿಲ್ಲ. ಕಾನೂನು ಎಲ್ಲರ ಕೈಯಿಂದ ಆಯುಧ ತೆಗೆಯುತ್ತದೆ ಅನ್ನುವ ನಂಬಿಕೆ ಇದ್ದರೆ ಕೊಡಬಹುದು. ಎದುರಾಳಿಯೇ ಪೊಲೀಸ್ ಆಗಿದ್ದರೆ ಕೊಡುವುದು ಹೇಗೆ? ಆದರೂ ಬೀಹನ್‌ಗೆ ಅಧಿಕಾರ ಇತ್ತು, ಕಿತ್ತುಕೊಳ್ಳಬೇಕಿತ್ತು. ಮಾತಾಡಿಸಿ ವಾಪಸ್ ಬಂದ.

ಇತ್ತ ವರ್ಜಿಲ್ ಜೊತೆಗೆ ಕರೆದುಕೊಂಡದ್ದು ತಮ್ಮಂದಿರಾದ ವಾಯಟ್, ಮಾರ್ಗನ್ ಮತ್ತು ಹಾಲಿಡೇಯನ್ನು. ಪ್ರಕರಣದ ಗಂಟು ಇದೇ ಅಂತ ನನ್ನ ಎಣಿಕೆ. ರಾತ್ರಿ ಐಕ್ ಜೊತೆ ಜಗಳವಾಡಿದವನು ಹಾಲಿಡೇ. ಒಂದೆರಡು ಗಂಟೆ ಮೊದಲು ಟಾಮ್‌ನ ತಲೆ ಒಡೆದವನು ವಾಯಟ್. ಆಯುಧ ಇಳಿಸಲು ಕರೆದೊಯ್ದದ್ದು ಇವರನ್ನೇ. ವರ್ಜಿಲ್ ತನ್ನ ಕೈಯಲ್ಲಿದ್ದ ಶಾಟ್‌ಗನ್ನನ್ನು ಹಾಲಿಡೇಗೆ ಕೊಟ್ಟು, ಉದ್ದ ಕೋಟಿನೊಳಗೆ ಮುಚ್ಚಿಕೋ ಅಂದ. ಬದಲಿಗೆ ಅವನ ಊರುಗೋಲು ತಾನು ತಗೊಂಡ. ಬೀದಿಯ ಜನ ಗಾಬರಿಯಾಗಬಾರದು ಅಂತ. ವರ್ಜಿಲ್‌ನ ಮನಸ್ಸಿನಲ್ಲಿ ಕಾಳಗದ ಯೋಚನೆ ಇರಲಿಲ್ಲ ಅನ್ನುವುದಕ್ಕೆ ಆ ಕೋಲು ಸಾಕ್ಷಿ. ಆದರೆ ಶಾಟ್‌ಗನ್ ಯಾರ ಕೈಗೆ ಹೋಯಿತು ನೋಡಿ.

ದಾರಿಯಲ್ಲಿ ಬೀಹನ್ ಅಡ್ಡ ಬಂದ. ‘ಅವರ ಆಯುಧ ಇಳಿಸಿದ್ದೇನೆ’ ಅಂದ ಅಂತ ಅರ್ಪ್‌ಗಳು ಹೇಳಿದರು. ‘ಇಳಿಸಲು ಹೋಗಿದ್ದೆ’ ಅಂದೆ ಅಂತ ಬೀಹನ್ ಹೇಳಿದ. ಎರಡರ ನಡುವೆ ಇರುವುದು ಒಂದು ಕ್ರಿಯಾಪದದ ವ್ಯತ್ಯಾಸ, ಮೂರು ಜೀವ.

ಖಾಲಿ ಸೈಟಿನಲ್ಲಿ ಎರಡು ಗುಂಪಿನ ನಡುವೆ ಹತ್ತು ಅಡಿಯೂ ಇರಲಿಲ್ಲ. ಕೈ ಮೇಲೆತ್ತಿ, ನನಗೆ ನಿಮ್ಮ ಪಿಸ್ತೂಲು ಬೇಕು ಅಂದ ವರ್ಜಿಲ್. ಯಾರು ಮೊದಲು ಹಾರಿಸಿದರು ಅನ್ನುವುದಕ್ಕೆ ಎಷ್ಟು ಸಾಕ್ಷಿಗಳೋ ಅಷ್ಟು ಉತ್ತರ. ಸುಮಾರು 30 ಸೆಕೆಂಡಿನಲ್ಲಿ ಸುಮಾರು 30 ಗುಂಡು. ಬಿಲ್ಲಿ, ಫ್ರಾಂಕ್, ಟಾಮ್ ಬಿದ್ದರು. ವರ್ಜಿಲ್‌ಗೆ ಕಾಲಿಗೆ, ಮಾರ್ಗನ್‌ಗೆ ಬೆನ್ನಿಗೆ ಗುಂಡು, ಹಾಲಿಡೇಗೆ ಸೊಂಟದ ಬಳಿ ಸವರಿತು. ವಾಯಟ್‌ಗೆ ಏನೂ ಆಗಲಿಲ್ಲ. ಐಕ್ ಓಡಿಬಂದು ವಾಯಟ್‌ನ ಕೈ ಹಿಡಿದುಕೊಂಡ. ‘ಹೊಡೆದಾಡು, ಇಲ್ಲ ಜಾಗ ಬಿಡು’ ಅಂತ ತಳ್ಳಿದ ವಾಯಟ್. ಐಕ್ ಓಡಿದ, ಬದುಕಿಕೊಂಡ. ಟಾಮ್‌ಗೆ ಹಾಲಿಡೇಯ ಶಾಟ್‌ಗನ್ ಬಿತ್ತು. ಬಲಗಂಕುಳ ಕೆಳಗೆ ಒತ್ತೊತ್ತಾಗಿ ಹನ್ನೆರಡು ಚರೆ. ಸಾವಿನ ತನಿಖೆ ಮಾಡುವ ಅಧಿಕಾರಿ ಕೊರೋನರ್ ನೋಡಿದಾಗ ಟಾಮ್‌ನ ಮೈಮೇಲೆ ಆಯುಧ ಇರಲಿಲ್ಲ. ದುಡ್ಡು, ಚೆಕ್ಕು ಸೇರಿ 2,900 ಡಾಲರ್ ಚಿಲ್ಲರೆ ಇತ್ತು. ಟಾಮ್ ಕೂಡ ಹಾರಿಸಿದ ಅಂತ ಅರ್ಪ್ ಕಡೆಯವರು ಕೊನೆವರೆಗೂ ವಾದಿಸಿದರು.

ಕೋರ್ಟು

ಮೂರು ಹೆಣಗಳನ್ನು ಒಂದು ಅಂಗಡಿಯ ಕಿಟಕಿಯಲ್ಲಿ ಇಟ್ಟು, ‘ಟೂಮ್‌ಸ್ಟೋನ್ ಬೀದಿಯಲ್ಲಿ ಕೊಲೆಯಾದವರು’ ಅಂತ ಬೋರ್ಡು ಹಾಕಿದರು. ಅಕ್ಟೋಬರ್ 29ಕ್ಕೆ ನಗರಸಭೆ ವರ್ಜಿಲ್‌ನನ್ನು ಅಮಾನತು ಮಾಡಿತು. ಐಕ್ ಕೊಲೆ ದೂರು ಕೊಟ್ಟ. ಸ್ಥಳೀಯ ಮ್ಯಾಜಿಸ್ಟ್ರೇಟ್ ವೆಲ್ಸ್ ಸ್ಪೈಸರ್ ಮುಂದೆ ನವೆಂಬರ್ ಇಡೀ ವಿಚಾರಣೆ ನಡೆಯಿತು. ಇದು ಪೂರ್ತಿ ಮೊಕದ್ದಮೆ ಅಲ್ಲ, ಮೊಕದ್ದಮೆಗೆ ಕಳಿಸಲು ಆಧಾರ ಇದೆಯೇ ಅಂತ ನೋಡುವ ವಿಚಾರಣೆ.

ನವೆಂಬರ್ 30ರ ತೀರ್ಪು ಓದಲು ತಕ್ಕದ್ದು. ವಾಯಟ್ ಮತ್ತು ಹಾಲಿಡೇಯನ್ನು ಜೊತೆಗೆ ಕರೆದದ್ದು ವಿವೇಕವಿಲ್ಲದ, ಖಂಡಿಸಬೇಕಾದ ಕೆಲಸ ಅಂತ ಸ್ಪೈಸರ್ ನೇರವಾಗಿ ಹೇಳಿದರು. ಆದರೆ ಗಡಿನಾಡಿನ ಪರಿಸ್ಥಿತಿ, ಪುಂಡರ ಕಾಟ, ಬಂದಿದ್ದ ಬೆದರಿಕೆಗಳನ್ನು ನೋಡಿದರೆ ಅದನ್ನು ಅಪರಾಧ ಅನ್ನಲಾಗದು ಅಂದರು. ಆಯುಧ ಇಳಿಸುವುದು ಪೊಲೀಸ್ ಮುಖ್ಯಸ್ಥನ ಕರ್ತವ್ಯ, ಅದರಲ್ಲಿ ನಡೆದ ಸಾವುಗಳಿಗೆ ಸಮರ್ಥನೆ ಇದೆ ಎಂದರು. ಟಾಮ್ ವಿಷಯಕ್ಕೆ ಬಂದಾಗ ತರ್ಕ ಹೀಗಿತ್ತು: ಬಂಧನಕ್ಕೆ ಆಯುಧ ಹಿಡಿದು ಅಡ್ಡಿ ಮಾಡಿದ ಗುಂಪಿನಲ್ಲಿ ಅವನಿದ್ದ. ಆ ಗಲಾಟೆಯಲ್ಲಿ ಗುಂಡು ಬಿದ್ದಿದ್ದರೆ, ಅವನ ಬಳಿ ಆಯುಧ ಇರಲಿಲ್ಲ ಅನ್ನುವುದೊಂದರಿಂದಲೇ ಆರೋಪಿಗಳು ತಪ್ಪಿತಸ್ಥರಾಗುವುದಿಲ್ಲ.

ಕಾನೂನಿನ ಮಟ್ಟಿಗೆ ಇದು ತಪ್ಪು ಅಂತ ಹೇಳುವ ಧೈರ್ಯ ನನಗಿಲ್ಲ. ಆದರೆ ಸ್ಪೈಸರ್ ಅವರೇ ‘ಖಂಡನೀಯ’ ಅಂದ ಆ ಒಂದು ಕೆಲಸವನ್ನು ಕಥೆಯಿಂದ ತೆಗೆದು ನೋಡಿ. ವರ್ಜಿಲ್ ಬೇರೆ ನಾಲ್ಕು ಜನರನ್ನು ಕರೆದುಕೊಂಡು ಹೋಗಿದ್ದರೆ? ಅವನ ಸಹಾಯಕ್ಕೆ ಬರುತ್ತೇವೆ ಅಂದ ಪೇಟೆಯವರು ಆ ದಿನ ಇದ್ದರು. ಬೈಲಾದಲ್ಲಿ ಯಾರು ಆಯುಧ ಒಯ್ಯಬಾರದು ಅಂತ ಬರೆದಿತ್ತು. ಅದನ್ನು ಯಾರು ಹೋಗಿ ಇಳಿಸಬೇಕು, ಜಗಳದಲ್ಲಿ ಭಾಗಿಯಾದವನು ಹೋಗಬಹುದೇ, ಇದ್ಯಾವುದೂ ಬರೆದಿರಲಿಲ್ಲ.

ಡಿಸೆಂಬರ್ 28ರ ರಾತ್ರಿ ವರ್ಜಿಲ್ ಮೇಲೆ ಕತ್ತಲಿನಲ್ಲಿ ಗುಂಡು ಹಾರಿತು, ಎಡಗೈ ಶಾಶ್ವತವಾಗಿ ಊನವಾಯಿತು. 1882ರ ಮಾರ್ಚ್ 18ರಂದು ಬಿಲಿಯರ್ಡ್ಸ್ ಆಡುತ್ತಿದ್ದ ಮಾರ್ಗನ್ ಸತ್ತ. ಆಮೇಲೆ ವಾಯಟ್ ಸೇಡಿಗೆ ಹೊರಟ. ಅದು ಬೇರೆಯೇ ಕಥೆ.

ಅರ್ಧ ಗಂಟೆ

ಎಂಟು ವರ್ಷದ ಮೇಲೆ, 1889ರಲ್ಲಿ, ಅರಿಜೋನಾ ಪ್ರಾಂತ್ಯವೇ ಒಂದು ಕಾನೂನು ಮಾಡಿತು. ಊರು ಪೇಟೆಗಳಲ್ಲಿ ಪಿಸ್ತೂಲು, ಕಠಾರಿ ಒಯ್ಯುವುದು ನಿಷೇಧ. ಟೂಮ್‌ಸ್ಟೋನ್ ನೋಡಿಯೇ ಮಾಡಿದರು ಅಂತ ನಾನು ಹೇಳುವುದಿಲ್ಲ. ಆದರೆ ಅದರಲ್ಲಿ ಪ್ರಯಾಣಿಕರಿಗೆ ಇಟ್ಟ ವಿನಾಯಿತಿ ಓದಿದಾಗ ಫ್ರಾಂಕ್ ಮತ್ತು ಬಿಲ್ಲಿ ನೆನಪಾಗದೆ ಇರುವುದಿಲ್ಲ: ಊರಿಗೆ ಬಂದ ಮೇಲೆ ಅರ್ಧ ಗಂಟೆ ಆಯುಧ ಇಟ್ಟುಕೊಳ್ಳಬಹುದು, ಊರು ಬಿಡುವಾಗಲೂ ಒಯ್ಯಬಹುದು. ‘ಸೂಕ್ತ ಸಮಯ’ಕ್ಕೆ ಕೊನೆಗೂ ಒಂದು ಗಡಿಯಾರ ಸಿಕ್ಕಿತ್ತು.

ಈ ಹಳೆಯ ಪ್ರಾಂತ್ಯ ಕಾನೂನುಗಳು 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಚರ್ಚೆಗೆ ಬಂದವು. ನ್ಯೂಯಾರ್ಕಿನ ಬಂದೂಕು ಲೈಸೆನ್ಸ್ ನಿಯಮವನ್ನು ಕೋರ್ಟು ಹೊಡೆದುಹಾಕಿತು. ಪಶ್ಚಿಮದ ಪ್ರಾಂತ್ಯಗಳ ನಿಷೇಧಗಳು ತುಂಬಾ ಕಡಿಮೆ ಜನರಿಗೆ, ತುಂಬಾ ಕಡಿಮೆ ಕಾಲ ಅನ್ವಯಿಸಿದವು, ಅವನ್ನು ದೇಶದ ಪರಂಪರೆ ಅಂತ ಲೆಕ್ಕಕ್ಕೆ ಹಿಡಿಯಲಾಗದು ಅಂತ ಬಹುಮತದ ತೀರ್ಪು ಹೇಳಿತು. ಅರಿಜೋನಾ ಅಂತೂ 2010ರಲ್ಲೇ, ಬಚ್ಚಿಟ್ಟುಕೊಂಡು ಒಯ್ಯಲೂ 21 ವರ್ಷ ತುಂಬಿದವರಿಗೆ ಪರವಾನಗಿ ಬೇಡ ಅಂದಿತ್ತು.

ಟೂಮ್‌ಸ್ಟೋನ್ ಈಗ ಪ್ರವಾಸಿ ಊರು. ಹಳೇ ಕಾಲದ ಗುಂಡಿನ ಕಾಳಗಗಳನ್ನು ನಾಟಕದ ಹಾಗೆ ಆಡಿ ತೋರಿಸುತ್ತಾರೆ, ಖಾಲಿ ತೋಟಾ ಹಾಕಿದ ಪಿಸ್ತೂಲಿನಿಂದ. 2015ರ ಅಕ್ಟೋಬರ್‌ನಲ್ಲಿ ಅಂಥ ಒಂದು ಪ್ರದರ್ಶನದಲ್ಲಿ ಒಬ್ಬ ನಟನಿಗೆ ನಿಜವಾದ ಗುಂಡು ಬಿತ್ತು. ಹಾರಿಸಿದವನು ಅವತ್ತು ತಡವಾಗಿ ಬಂದಿದ್ದ, ಅವನ ಪಿಸ್ತೂಲನ್ನು ಯಾರೂ ತೆಗೆದು ನೋಡಿರಲಿಲ್ಲ.